ಗ್ರೆಟ್ಜ್‌ಕಿ ಹೊಸಬನಲ್ಲ, ಆದರೂ ರೂಕಿ ಕಾರ್ಡ್

ನೀವೀಗ ನೋಡ್ತಿರೋದು ನಮ್ಮನೆ ಊಟದ ಟೇಬಲ್. ಸಾರಿನ ಪಾತ್ರೆ ಮೂಲೆಗೆ ಸರಿಸಿ ಮಗರಾಯ ಹಾಕಿ ಆಟಗಾರರ ಕಾರ್ಡ್ ಹರಡಿಕೊಂಡಿದ್ದಾನೆ. ಕೆನಡಾದ ಮಿಸಿಸಾಗಾದಲ್ಲಿ ಇವತ್ತು ಮೈನಸ್ ಹನ್ನೆರಡು. ಮನೆಯಿಂದ ಆಚೆ ಕಾಲಿಡೋ ಮಾತೇ ಇಲ್ಲ.

ನಾನು ಸೋಮವಾರಪೇಟೆಯವಳು. ನಮ್ಮ ಕೊಡಗಲ್ಲಿ ಹಾಕಿ ಅಂದ್ರೆ ಮೈದಾನ, ಬಿಸಿಲು, ಧೂಳು. ಇಲ್ಲಿ ಐಸು. ಅದಕ್ಕೆ ಒಗ್ಗಿಕೊಂಡೆ. ಒಗ್ಗದೇ ಇದ್ದದ್ದು ಈ ಕಾರ್ಡ್‌ಗಳ ಲೆಕ್ಕಾಚಾರ.

ಹೋದ ತಿಂಗಳು ಅವನ ಹುಟ್ಟುಹಬ್ಬಕ್ಕೆ ಕಾನರ್ ಮೆಕ್‌ಡೇವಿಡ್ ಕಾರ್ಡ್ ತಂದೆ. ಕವರ್ ಮೇಲೆ 'ರೂಕಿ', ಅಂದ್ರೆ ಹೊಸಬನ ಮೊದಲ ಕಾರ್ಡ್, ಅಂತ ಅಂಗಡಿಯವನೇ ಚೀಟಿ ಅಂಟಿಸಿದ್ದ. ಮಗ ಒಂದೇ ಸಲ ನೋಡಿ, "ಅಮ್ಮಾ, ಜೆರ್ಸಿ ನೋಡು. ಈರಿ ಆಟರ್ಸ್. ಇದು ಜೂನಿಯರ್ ಟೀಮ್" ಅಂದ. ನಲವತ್ತು ಡಾಲರ್ ಹೋಯ್ತು!

ಈಗಿನ ನಿಯಮ ಹೀಗೆ. ಹುಡುಗ ಇಲ್ಲಿನ ದೊಡ್ಡ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಒಂದು ಪಂದ್ಯವಾದ್ರೂ ಆಡಿರಬೇಕು, ಆಮೇಲೇ ರೂಕಿ ಕಾರ್ಡ್. ಟೀಮುಗಳು ಸರದಿಯಂತೆ ಹೊಸ ಹುಡುಗರನ್ನ ಆರಿಸೋ ಡ್ರಾಫ್ಟ್‌ನಲ್ಲಿ ಮೊದಲನೆಯವನಾದ್ರೂ ಅಷ್ಟೇ. ಮೆಕ್‌ಡೇವಿಡ್ 2015ರ ಅಕ್ಟೋಬರ್ 8ಕ್ಕೆ ಐಸ್‌ಗೆ ಇಳಿದ. ಅಪ್ಪರ್ ಡೆಕ್ ಅನ್ನೋ ಕಾರ್ಡ್ ಕಂಪನಿಯವರ ಯಂಗ್ ಗನ್ಸ್ ಅನ್ನೋ ರೂಕಿ ಸರಣಿಯಲ್ಲಿ ಅವನ ಕಾರ್ಡ್ ಬಂದದ್ದು ಅದೇ ಸೀಸನ್‌ಗೆ, ನಂಬರ್ 201.

ಹಿಂದೆ ಇಷ್ಟು ಬಿಗಿ ಇರಲಿಲ್ಲ. ಎರಿಕ್ ಲಿಂಡ್ರೋಸ್ ಎನ್‌ಎಚ್‌ಎಲ್ ಆಡಿದ್ದು 1992ರಲ್ಲಿ, ಸ್ಕೋರ್ ಕಂಪನಿ ಅವನ ಕಾರ್ಡ್ ಮಾರಿದ್ದು 1990-91ರಲ್ಲೇ. ಡ್ರಾಫ್ಟ್ ಕೂಡ ಆಗಿರಲಿಲ್ಲ! ಹುಡುಗಿ ನೋಡೋಕೆ ಮೊದಲೇ ಲಗ್ನಪತ್ರಿಕೆ ಹಂಚಿದ ಹಾಗೆ.

ಇನ್ನು 2005-06. ಅದರ ಹಿಂದಿನ ಸೀಸನ್ ಪೂರ್ತಿ, ಮಾಲೀಕರು-ಆಟಗಾರರ ಜಗಳದ ಲಾಕೌಟ್‌ಗೆ ಬಲಿ. 2004ರ ಡ್ರಾಫ್ಟ್‌ನ ಒವೆಚ್ಕಿನ್, 2005ರ ಡ್ರಾಫ್ಟ್‌ನ ಕ್ರಾಸ್ಬಿ, ಇಬ್ಬರೂ ಆಡಲು ಶುರು ಮಾಡಿದ್ದು ಒಂದೇ ದಿನ, ಅಕ್ಟೋಬರ್ 5. ಹಾಗಾಗಿ ಇಬ್ಬರ ರೂಕಿ ಕಾರ್ಡೂ ಒಂದೇ ವರ್ಷದ್ದು. ಆ ವರ್ಷದ ಬಾಕ್ಸ್ ಅಂದ್ರೆ ಮಗನ ಕಣ್ಣು ದೊಡ್ಡದಾಗುತ್ತೆ, ನನ್ನ ಕೈ ಪರ್ಸ್ ಗಟ್ಟಿಯಾಗಿ ಹಿಡಿಯುತ್ತೆ.

ಈಗ ಕ್ಯಾಮೆರಾ ಸ್ವಲ್ಪ ಹತ್ತಿರ ತರ್ತೀನಿ. ನೀಲಿ ಅಂಚು, ಆಯಿಲರ್ಸ್ ಟೀಮಿನ ಜೆರ್ಸಿ, ತೆಳ್ಳಗಿನ ಹುಡುಗ. ವೇಯ್ನ್ ಗ್ರೆಟ್ಜ್‌ಕಿ, 1979-80ರ ಓ-ಪೀ-ಚೀ ಕಂಪನಿಯ ಕಾರ್ಡ್, ನಂಬರ್ 18. ನಮ್ಮದು ಮರುಮುದ್ರಣ, ಗಾಬರಿ ಬೇಡ. ಅಸಲಿಯ ಅಂಚು ಹೀಗೆ ನುಣುಪಾಗಿರಲ್ಲ, ತಂತಿಯಲ್ಲಿ ಕತ್ತರಿಸಿದ್ದಕ್ಕೆ ನಾರು ನಾರಾಗಿರುತ್ತೆ. ಅಂಥ ಒಂದು ಅಸಲಿ, ಚೂರೂ ಮುಕ್ಕಾಗದ್ದು, 2021ರಲ್ಲಿ 37.5 ಲಕ್ಷ ಡಾಲರ್‌ಗೆ ಹೋಯ್ತು.

ಮಜಾ ಏನಪ್ಪಾ ಅಂದ್ರೆ, ಆ ವರ್ಷ ಲೀಗಿನ ಲೆಕ್ಕದಲ್ಲಿ ಗ್ರೆಟ್ಜ್‌ಕಿ ರೂಕಿಯೇ ಅಲ್ಲ. ಹಿಂದಿನ ವರ್ಷ ಡಬ್ಲ್ಯೂಎಚ್‌ಎ ಅನ್ನೋ ಇನ್ನೊಂದು ಲೀಗ್‌ನಲ್ಲಿ ಆಡಿದ್ದ, ಅದಕ್ಕೆ ಹೊಸಬರಿಗೆ ಕೊಡೋ ಕಾಲ್ಡರ್ ಟ್ರೋಫಿಗೆ ಅವನನ್ನ ಲೆಕ್ಕಕ್ಕೇ ತಗೊಳ್ಳಲಿಲ್ಲ. 137 ಪಾಯಿಂಟ್ ಹೊಡೆದು ಅತ್ಯುತ್ತಮ ಆಟಗಾರನ ಹಾರ್ಟ್ ಟ್ರೋಫಿ ಮನೆಗೆ ಒಯ್ದ, ಹೊಸಬರ ಟ್ರೋಫಿ ಮಾತ್ರ ರೇ ಬೋರ್ಕ್‌ಗೆ. ಹೋಗಲಿ, ಬೋರ್ಕ್‌ನ ರೂಕಿ ಕಾರ್ಡ್ ಆ ವರ್ಷದ್ದಾ? ಅದೂ ಇಲ್ಲ, 1980-81ರದ್ದು. ಟ್ರೋಫಿ ಕೊಡೋದು ಲೀಗು, ಕಾರ್ಡ್ ಅಚ್ಚು ಹಾಕೋದು ಕಂಪನಿ. ಇಬ್ಬರ ಪಂಚಾಂಗ ಬೇರೆ ಬೇರೆ.

ಲೀಗಿನ ಪಂಚಾಂಗ ಆಮೇಲೆ ಇನ್ನೂ ಬಿಗಿಯಾಯ್ತು. ಸೋವಿಯತ್ ಟೀಮಿಗೆ ವರ್ಷಗಟ್ಟಲೆ ಆಡಿ ಬಂದ ಸೆರ್ಗೇ ಮಕಾರೊವ್ 1990ರಲ್ಲಿ, ಮೂವತ್ತೊಂದನೇ ವಯಸ್ಸಲ್ಲಿ, ಕಾಲ್ಡರ್ ಗೆದ್ದುಬಿಟ್ಟ. ಅಲ್ಲಿಂದ ಸೆಪ್ಟೆಂಬರ್ 15ರ ಹೊತ್ತಿಗೆ ಇಪ್ಪತ್ತಾರು ತುಂಬಿದವರು ರೂಕಿ ಅಲ್ಲ ಅಂತ ಮಾಡಿದ್ರು. ಮೂವತ್ತೊಂದರ ರೂಕಿ ಇದ್ದಿದ್ರೆ ನನಗೇನೋ ಖುಷಿಯೇ ಆಗ್ತಿತ್ತು.

ಕೊನೇ ಪ್ಯಾಕ್. ಹಲ್ಲಲ್ಲಿ ಹರೀಬೇಡ ಅಂದ್ರೂ ಕೇಳಲ್ಲ. ಎಲ್ಲಾ ಹಳೇ ಮುಖಗಳು... ಓ, ಒಂದು ಯಂಗ್ ಗನ್ಸ್! ಹೆಸರು ನನಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ. ಎಷ್ಟು ಮ್ಯಾಚ್ ಆಡಿದ್ದಾನೆ ಅಂತ ಫೋನಲ್ಲಿ ಹುಡುಕ್ತಿದ್ದಾನೆ.

ಎರಡಂತೆ.