ಮಿಷನರಿಗಳ ಕೆಲಸದ ದಿನ

ಕೇಳುಗರಿಗೆ ನಮಸ್ಕಾರ.

ಮೈಸೂರಿನ ಮಂಡಿ ಮೊಹಲ್ಲಾ ಕಡೆಯ ಮಿಷನ್ ಆಸ್ಪತ್ರೆ ನಿಮಗೆ ಗೊತ್ತೇ ಇದೆ. ಈ ಊರಿನ ಎಷ್ಟೋ ಜನ ಅಲ್ಲೇ ಹುಟ್ಟಿದವರು. 1906ರಲ್ಲಿ ಅದನ್ನು ಶುರು ಮಾಡಿದವರು ಕಡಲು ದಾಟಿ ಬಂದ ಮಿಷನರಿಗಳು. ಅವರ ಧರ್ಮಪ್ರಚಾರದ ಬಗ್ಗೆ ನಮ್ಮಲ್ಲಿ ವಾದ ಇದೆ. ಇರಲಿ, ಇರಬೇಕು ಕೂಡ. ಆದರೆ ಬೆಳಗಾದರೆ ಅವರು ಮಾಡುತ್ತಿದ್ದ ಕೆಲಸ ಏನು ಅಂತ ಕೇಳುವವರು ಕಡಿಮೆ. ಇವತ್ತು ಅದನ್ನು ಮಾತಾಡೋಣ.

ಮೊದಲ ಕೆಲಸ ಕನ್ನಡ ಕಲಿಯುವುದು. ಆ ಆಸ್ಪತ್ರೆ ಕಟ್ಟಿದ್ದು ವೆಸ್ಲಿಯನ್ ಮಿಷನ್, ಇಂಗ್ಲೆಂಡಿನ ಒಂದು ಪ್ರಾಟೆಸ್ಟಂಟ್ ಪಂಗಡದ ಸಂಸ್ಥೆ. ಅದರ ಹೊಸಬರು ಭಾಷೆ ಕಲಿಸುವ ಮುನ್ಷಿಯ ಮುಂದೆ ಕೂತು ಪಾಠ ಹೇಳಿಸಿಕೊಳ್ಳಬೇಕಿತ್ತು, ಪರೀಕ್ಷೆಯನ್ನೂ ಪಾಸು ಮಾಡಬೇಕಿತ್ತು. ಆಮೇಲೆ ಶಾಲೆಗಳ ತಪಾಸಣೆ, ಮೇಷ್ಟರ ಸಂಬಳ, ಲೆಕ್ಕದ ಪುಸ್ತಕ, ಲಂಡನ್ನಿಗೆ ವರದಿ. ಸುತ್ತಲ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಓಡಾಟ. ಬೋಧನೆಗಿಂತ ಇಂಥ ಕೆಲಸವೇ ಜಾಸ್ತಿ ಹೊತ್ತು ತಿನ್ನುತ್ತಿತ್ತು ಅಂತ ನನಗನಿಸುತ್ತದೆ.

ಇವರಿಗಿಂತ ಹಿಂದಿನವರೊಬ್ಬರ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. 1799ರಲ್ಲಿ ಶ್ರೀರಂಗಪಟ್ಟಣ ಇಂಗ್ಲಿಷರ ಕೈಸೇರಿದ ಮೇಲೆ ಅಬ್ಬೆ ದುಬಾಯ್ ಎಂಬ ಫ್ರೆಂಚ್ ಪಾದ್ರಿ ಅಲ್ಲಿಗೆ ಬಂದರು. 1823ರಲ್ಲಿ ಫ್ರಾನ್ಸಿಗೆ ಮರಳುವವರೆಗೂ ನಮ್ಮ ಸೀಮೆಯಲ್ಲಿ ಕೆಲಸ ಮಾಡಿದರು. ಪೇಟ ಸುತ್ತಿ, ಇಲ್ಲಿಯವರಂತೆ ಬಟ್ಟೆ ತೊಟ್ಟು ಬದುಕಿದರು. ನಮ್ಮ ಜನರ ನಡೆನುಡಿಯ ಬಗ್ಗೆ ಅವರು ಬರೆದದ್ದರಲ್ಲಿ ಒಪ್ಪಲಾಗದ ಮಾತು ಬೇಕಾದಷ್ಟಿವೆ. ಆದರೆ ಸಿಡುಬಿನ ಲಸಿಕೆಯನ್ನು ಊರೂರಿಗೆ ತಲುಪಿಸಲು ಅವರು ಪಟ್ಟ ಶ್ರಮ ನೆನೆಯಬೇಕಾದ್ದು.

ಆ ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ. ಆಗ ಫ್ರಿಜ್ ಎಲ್ಲಿತ್ತು? ಬಿಸಿಲಿಗೆ ಮದ್ದು ಸತ್ತುಹೋಗುತ್ತಿತ್ತು. ಹಾಗಾಗಿ ಮನುಷ್ಯರ ತೋಳಲ್ಲೇ ಅದನ್ನು ಉಳಿಸಬೇಕು. ಒಂದು ಮಗುವಿಗೆ ಹಾಕಿದರೆ ಸುಮಾರು ಎಂಟನೇ ದಿನಕ್ಕೆ ಗುಳ್ಳೆ ತುಂಬಿಕೊಳ್ಳುತ್ತದೆ. ಅದರ ನೀರನ್ನು ಇನ್ನೊಂದು ಮಗುವಿನ ತೋಳಿಗೆ ಹಾಕಬೇಕು. ಆ ಹೊತ್ತಿಗೆ ಇನ್ನೊಂದು ಮಗು ಸಿಗದಿದ್ದರೆ ಮದ್ದೇ ಮುಗಿಯಿತು! ಅಂದರೆ ವಾರ ವಾರವೂ ಹೊಸ ಮನೆ, ಹೊಸ ತಾಯಿ, ಮತ್ತೆ ಮೊದಲಿಂದ ಸಮಾಧಾನ. ಸಿಡುಬು ಮಾರಮ್ಮನ ಮುನಿಸು ಅಂತ ನಂಬಿದ್ದ ಕಾಲ. ಗೊತ್ತಿಲ್ಲದ ಪಾದ್ರಿಯ ಮುಂದೆ ಕೂಸಿನ ತೋಳು ಚಾಚಲು ಆ ತಾಯಂದಿರಿಗೆ ಎಷ್ಟು ಧೈರ್ಯ ಬೇಕಿತ್ತು, ಅಲ್ವಾ? ನನಗೆ ಪಾದ್ರಿಗಿಂತ ಅವರೇ ದೊಡ್ಡವರಾಗಿ ಕಾಣುತ್ತಾರೆ.

ಮಿಷನ್ ಆಸ್ಪತ್ರೆ ಬರುವ ಹೊತ್ತಿಗೂ ಕಷ್ಟ ಇನ್ನೊಂದು ಬಗೆಯಲ್ಲಿತ್ತು. ಹೆರಿಗೆ ಎಷ್ಟೇ ಬಿಗಿಯಾದರೂ ಗಂಡಸು ಡಾಕ್ಟರ ಹತ್ತಿರ ಹೋಗದ ಮನೆಗಳಿದ್ದವು. ಅದಕ್ಕೇ ಅದು ಹೆಂಗಸರು, ಮಕ್ಕಳ ಆಸ್ಪತ್ರೆಯಾಗಿ ಶುರುವಾಯಿತು. ಇಂಗ್ಲೆಂಡಿನಿಂದ ಹೆಂಗಸರೇ ಡಾಕ್ಟರಾಗಿ ಬಂದರು. ಆದರೆ ನೋವಿನಲ್ಲಿ ಒದ್ದಾಡುವ ಹೆಣ್ಣುಮಗಳ ಕೈ ಹಿಡಿದು, ಅವಳದೇ ಮಾತಿನಲ್ಲಿ ಧೈರ್ಯ ಹೇಳಲು ನಮ್ಮೂರಿನ ನರ್ಸಮ್ಮಂದಿರೇ ಬೇಕಿತ್ತು.

ಬೆಲೆ ತೆತ್ತವರು ಮಿಷನರಿಗಳೂ ಹೌದು. ಮಕ್ಕಳು ಓದುವ ವಯಸ್ಸಿಗೆ ಬಂದರೆ ಹಡಗು ಹತ್ತಿಸಿ ಊರಿಗೆ ಕಳಿಸುತ್ತಿದ್ದರು. ಆಮೇಲೆ ವರ್ಷಗಟ್ಟಲೆ ಬರೀ ಕಾಗದ.

1887ರಲ್ಲಿ ಮೈಸೂರಿನಿಂದ ವೆಸ್ಲಿಯನ್ನರು ‘ವೃತ್ತಾಂತ ಪತ್ರಿಕೆ’ ಹೊರಡಿಸಿದರು. ಅದರ ಸಂಪಾದಕರ ಹೆಸರು ಚರಿತ್ರೆಯಲ್ಲಿದೆ. ಅಚ್ಚುಮೊಳೆ ಜೋಡಿಸಿದವರ ಹೆಸರು ಯಾರಿಗೆ ಗೊತ್ತು? ಪಾಠ ಹೇಳಿದ ಮುನ್ಷಿ, ರಾತ್ರಿಯಿಡೀ ಗಾಡಿ ಹೊಡೆದವರು, ಆ ನರ್ಸಮ್ಮಂದಿರು, ಎಲ್ಲರದ್ದೂ ಇದೇ ಕಥೆ.

ಮೈಸೂರು, ಮಂಡ್ಯ ಕಡೆ ನಿಮ್ಮ ಮನೆಯ ಹಿರಿಯರು ಯಾರಾದರೂ ಮಿಷನ್ ಶಾಲೆಯಲ್ಲೋ, ಆಸ್ಪತ್ರೆಯಲ್ಲೋ, ಅಚ್ಚುಕೂಟದಲ್ಲೋ ದುಡಿದಿದ್ದರೆ ದಯವಿಟ್ಟು ಅವರ ಹತ್ತಿರ ಕೂತು ಕೇಳಿ. ಎಷ್ಟು ಗಂಟೆಗೆ ಕೆಲಸಕ್ಕೆ ಹೋಗುತ್ತಿದ್ದರು, ಯಾರ ಜೊತೆ, ಸಂಬಳ ಎಷ್ಟು, ಎಲ್ಲ ಬರೆದಿಡಿ. ಹಳೆಯ ಫೋಟೋ ಇದ್ದರೆ ಹಿಂದೆ ಹೆಸರು ಬರೆಯಿರಿ.

ನಮಸ್ಕಾರ.