ಟಿಕ್ ಬಿದ್ದ ಚೌಕಗಳು ಎಷ್ಟು?

ಕೇಳುಗರಿಗೆ ನಮಸ್ಕಾರ.

ಕನ್ನಡ ಪುಸ್ತಕಗಳ ಪುಟವಿನ್ಯಾಸ ಮಾಡುವುದು ನನ್ನ ಕೆಲಸ. ಪುಸ್ತಕ ಮುದ್ರಣಕ್ಕೆ ಹೋಗುವ ಹಿಂದಿನ ರಾತ್ರಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರಬೇಕಾಗುತ್ತದೆ. ಪದಗಳ ನಡುವೆ ಎರಡೆರಡು ಸ್ಪೇಸ್ ಬಿದ್ದಿವೆಯೇ, ಚೌಕಟ್ಟಿನಲ್ಲಿ ಹಿಡಿಸದ ಪಠ್ಯ ಕಾಣದಂತೆ ಒಳಗೇ ಉಳಿದಿದೆಯೇ, ಚಿತ್ರದ ರೆಸಲ್ಯೂಷನ್ ಇಂಚಿಗೆ 300 ಪಿಕ್ಸೆಲ್‌ಗಿಂತ ಕಡಿಮೆ ಇದೆಯೇ, ಹಳೆಯ ‘ನುಡಿ’ ಫಾಂಟಿನ ಅಕ್ಷರಗಳು ಈಗಿನ ಯೂನಿಕೋಡ್ ಪಠ್ಯದ ನಡುವೆ ನುಸುಳಿವೆಯೇ, ಹೀಗೆ. ಇಂಥ ಆರು ತಪಾಸಣೆಗಳಿಗಾಗಿ ಪುಟವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ಓಡುವ ಒಂದು ಪುಟ್ಟ ಸ್ಕ್ರಿಪ್ಟನ್ನು, ಅಂದರೆ ಕಿರು ಪ್ರೋಗ್ರಾಮನ್ನು, ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಬರೆದೆ. ಓಡಿಸಿದರೆ ಡಯಲಾಗ್ ಎಂಬ ಒಂದು ಪುಟ್ಟ ಕಿಟಕಿ ತೆರೆದುಕೊಳ್ಳುತ್ತದೆ. ಅದರಲ್ಲಿ ಟಿಕ್ ಹಾಕುವ ಆರು ಚೌಕಗಳು, ಅಂದರೆ ಚೆಕ್‌ಬಾಕ್ಸ್, ಕೆಳಗೆ ಓಕೆ ಮತ್ತು ಕ್ಯಾನ್ಸಲ್. ಬೇಕಾದ ತಪಾಸಣೆಗೆ ಟಿಕ್ ಹಾಕಿ ಓಕೆ ಒತ್ತಿದರೆ ಆಯಿತು.

ಎಷ್ಟಕ್ಕೆ ಟಿಕ್ ಬಿದ್ದಿದೆ ಎಂದು ಎಣಿಸುವ ಅಗತ್ಯವೇನು ಎಂದು ನೀವು ಕೇಳಬಹುದು. ನಾನೂರು ಪುಟಗಳ ಪುಸ್ತಕವಾದರೆ ತಪಾಸಣೆಗೆ ಹೊತ್ತು ಹಿಡಿಯುತ್ತದೆ. ‘ಮೂರರಲ್ಲಿ ಎರಡು ಮುಗಿದಿದೆ’ ಎಂದು ಪರದೆ ಹೇಳದಿದ್ದರೆ, ಕಂಪ್ಯೂಟರ್ ಸ್ತಬ್ಧವಾಯಿತೆಂದು ಜನ ಅದನ್ನೇ ಆರಿಸಿಬಿಡುತ್ತಾರೆ. ಆ ‘ಮೂರು’ ಎಲ್ಲಿಂದ ಬರಬೇಕು? ಎಣಿಕೆಯಿಂದಲೇ.

ನನ್ನ ಮೊದಲ ಎಣಿಕೆ ಯಾವಾಗಲೂ ಆರು ಎಂದೇ ಹೇಳುತ್ತಿತ್ತು. ಎಲ್ಲ ಟಿಕ್ ತೆಗೆದರೂ ಆರು. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ತಪ್ಪು ಕಂಡಿತು. ಚೆಕ್‌ಬಾಕ್ಸಿನ ಸ್ಥಿತಿ ಅದರ ‘ಚೆಕ್ಡ್‌ಸ್ಟೇಟ್’ ಎಂಬ ಗುಣದಲ್ಲಿ ಇರುತ್ತದೆ. ಟಿಕ್ ಇದ್ದರೆ ಟ್ರೂ (ನಿಜ), ಇಲ್ಲದಿದ್ದರೆ ಫಾಲ್ಸ್ (ಸುಳ್ಳು). ನಾನು ಅದನ್ನು ಕೇಳದೆ, ಚೆಕ್‌ಬಾಕ್ಸನ್ನೇ ‘ನೀನು ನಿಜವೇ?’ ಎಂದು ಕೇಳುತ್ತಿದ್ದೆ. ಜಾವಾಸ್ಕ್ರಿಪ್ಟ್‌ಗೆ ಇರುವ ವಸ್ತುವೆಲ್ಲ ನಿಜವೇ. ಕೈ ಎತ್ತಿದವರನ್ನು ಎಣಿಸಿ ಬಾ ಎಂದರೆ, ಸಭೆಯಲ್ಲಿ ಕೈ ಇರುವವರನ್ನೆಲ್ಲ ಎಣಿಸಿಕೊಂಡು ಬಂದ ಹಾಗಾಯಿತು.

ಸರಿಪಡಿಸಿದೆ. ಒಂದು ವಾರ ನೆಮ್ಮದಿ. ಆಮೇಲೆ, ಹಿಂದಿನ ದಿನ ಹಾಕಿದ ಟಿಕ್‌ಗಳು ಮರುದಿನವೂ ಹಾಗೆಯೇ ಇರಲಿ ಎಂಬ ಆಸೆ ಹುಟ್ಟಿತು. ಅವನ್ನು ಒಂದು ಪಠ್ಯ ಕಡತದಲ್ಲಿ ಉಳಿಸಿ, ಮತ್ತೆ ಓದಿ, ಎಣಿಸಿದೆ. ಮತ್ತದೇ ಆರು! ಕಡತಕ್ಕೆ ಹೋಗುವಾಗ ಟ್ರೂ, ಫಾಲ್ಸ್ ಎರಡೂ ಬರೀ ಅಕ್ಷರಗಳಾಗಿದ್ದವು. ಖಾಲಿಯಲ್ಲದ ಯಾವ ಅಕ್ಷರಮಾಲೆಯೂ ಜಾವಾಸ್ಕ್ರಿಪ್ಟ್‌ನ ಕಣ್ಣಿಗೆ ನಿಜ. ‘ಫಾಲ್ಸ್’ ಎಂಬ ಐದು ಇಂಗ್ಲಿಷ್ ಅಕ್ಷರಗಳೂ ನಿಜ! ಬಾಗಿಲಿಗೆ ‘ಮನೆಯಲ್ಲಿ ಯಾರೂ ಇಲ್ಲ’ ಎಂದು ಚೀಟಿ ಅಂಟಿಸಿದ್ದರೆ, ಚೀಟಿ ಇದೆಯಲ್ಲ, ಹಾಗಾದರೆ ಯಾರೋ ಇದ್ದಾರೆ ಎನ್ನುವ ತರ್ಕ ಇದು. ಓದಿದ ಪದ ‘ಟ್ರೂ’ಗೆ ಸಮವೇ ಎಂದು ಹೋಲಿಸಿ ನೋಡುವುದೇ ಇದಕ್ಕೆ ಮದ್ದು.

ಎಣಿಸುವ ಕ್ರಿಯೆ ಮಾತ್ರ ಬಲು ಸುಲಭ. ಜಾವಾಸ್ಕ್ರಿಪ್ಟ್‌ನಲ್ಲಿ ಟ್ರೂಗೆ ಟ್ರೂ ಕೂಡಿಸಿದರೆ ಉತ್ತರ 2. ಸೊನ್ನೆಯಿಂದ ಶುರುಮಾಡಿ ಆರೂ ಸ್ಥಿತಿಗಳನ್ನು ಸಾಲಾಗಿ ಕೂಡಿಸುತ್ತ ಹೋದರೆ ಸಾಕು. ಈ ನಿಜ-ಸುಳ್ಳುಗಳ ತರ್ಕದ ಮೂಲಪುರುಷ ಜಾರ್ಜ್ ಬೂಲ್ ಕೇಳಿದ್ದರೆ ಹುಬ್ಬು ಗಂಟಿಕ್ಕುತ್ತಿದ್ದರೋ ಏನೋ. 1854ರ ಅವರ ಗ್ರಂಥದಲ್ಲಿ 1 ಎಂದರೆ ಸಮಸ್ತ, 0 ಎಂದರೆ ಶೂನ್ಯ. ಸಮಸ್ತಕ್ಕೆ ಇನ್ನೊಂದು ಸಮಸ್ತವನ್ನು ಕೂಡಿಸುವುದಕ್ಕೆ ಅವರ ಪದ್ಧತಿಯಲ್ಲಿ ಅರ್ಥವೇ ಇಲ್ಲ. ನಾವೋ, ಟಿಕ್‌ಗಳನ್ನು ತೆಂಗಿನಕಾಯಿಯಂತೆ ಎಣಿಸುತ್ತಿದ್ದೇವೆ.

ಇದೇ ಸ್ಕ್ರಿಪ್ಟನ್ನು ವಿಂಡೋಸ್‌ನ ವಿಬಿಸ್ಕ್ರಿಪ್ಟ್ ಎಂಬ ಇನ್ನೊಂದು ಭಾಷೆಗೆ ಇಳಿಸಿದಾಗ ನಿಜವಾದ ಮೋಜು ಕಂಡಿತು. ಮೂರು ಟಿಕ್ ಹಾಕಿ ಓಕೆ ಒತ್ತಿದೆ. ಉತ್ತರ, ಮೈನಸ್ ಮೂರು. ನನ್ನ ಜೊತೆ ಕೆಲಸ ಮಾಡುವವರು, “ಸಾರ್, ಮೂರು ತಪಾಸಣೆ ನಾವೇ ಸಾಲ ಕೊಡಬೇಕೇ?” ಎಂದರು. ಆ ಭಾಷೆಯಲ್ಲಿ ಟ್ರೂ ಎಂದರೆ 1 ಅಲ್ಲ, ಮೈನಸ್ 1. ಫಾಲ್ಸ್ ಎಂದರೆ ಹದಿನಾರು ಬಿಟ್‌ಗಳೂ, ಅಂದರೆ ಸೊನ್ನೆ ಅಥವಾ ಒಂದು ಕೂರುವ ಹದಿನಾರು ಸ್ಥಾನಗಳೂ, ಸೊನ್ನೆ. ಎಲ್ಲವನ್ನೂ ತಿರುಗಿಸಿದರೆ ಹದಿನಾರೂ ಒಂದು. ಋಣ ಸಂಖ್ಯೆಗಳನ್ನು ಬರೆಯುವ ಕಂಪ್ಯೂಟರಿನ ರೂಢಿಯಲ್ಲಿ ಅದನ್ನು ಓದಿದರೆ ಮೈನಸ್ 1. ಕೂಡಿಸುವ ಬದಲು ಕಳೆದೆ, ಲೆಕ್ಕ ಸರಿಹೋಯಿತು. ಆದರೆ ಆರು ತಿಂಗಳ ನಂತರ ನೋಡಿದಾಗ ಈ ಕಳೆಯುವ ಗುರುತು ಯಾಕೆಂದು ನನಗೇ ಅರ್ಥವಾಗಲಿಲ್ಲ. ಈಗ ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ. ಟಿಕ್ ಇದ್ದರೆ ಎಣಿಕೆಯನ್ನು ಒಂದು ಹೆಚ್ಚಿಸು ಎಂದು ಬಿಡಿಸಿ ಬರೆಯುತ್ತೇನೆ. ಎರಡು ಸಾಲು ಜಾಸ್ತಿಯಾಗುತ್ತದೆ, ಆಗಲಿ.

ಡಯಲಾಗನ್ನು ನಾಶಮಾಡುವ ಆಜ್ಞೆಗಿಂತ ಮೊದಲೇ ಸ್ಥಿತಿಗಳನ್ನು ಓದಿಕೊಳ್ಳಬೇಕು ಎಂಬುದೂ ಪೆಟ್ಟು ತಿಂದು ಕಲಿತದ್ದೇ. ಡಯಲಾಗ್ ಹೋದರೆ ಚೆಕ್‌ಬಾಕ್ಸ್‌ಗಳೂ ಅದರ ಜೊತೆಗೇ ಹೋಗುತ್ತವೆ.

ಈಗ ಎಣಿಕೆ ಸೊನ್ನೆಯಾದರೆ ‘ಒಂದನ್ನಾದರೂ ಆರಿಸಿ’ ಎಂಬ ಸೂಚನೆ ಬರುತ್ತದೆ. ಮೊನ್ನೆ ನನ್ನ ಸಹೋದ್ಯೋಗಿ ಅದನ್ನು ನೋಡಿ ಫೋನ್ ಮಾಡಿದರು. “ಸಾರ್, ಒಂದನ್ನಾದರೂ ಎನ್ನುತ್ತಿದೆ. ಯಾವುದನ್ನು?”

ನಮಸ್ಕಾರ.