ಇವತ್ತು ಆಟ ಎಲ್ಲಿ? ಮೊಬೈಲ್‌ಗೂ ಒಗ್ಗುವ ವೆಬ್‌ಪುಟದ ಮೊದಲ ಪಾಠ

[ದೃಶ್ಯ: ಸಂಜೆ, ಉಡುಪಿಯ ಒಂದು ಕೋಣೆ. ಮೇಜಿನ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಮೊಬೈಲ್.]

ಎಲ್ಲರಿಗೂ ನಮಸ್ಕಾರ.

ದೀಪಾವಳಿ ಕಳೆಯಿತೆಂದರೆ ನಮ್ಮ ಕರಾವಳಿಯಲ್ಲಿ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಮೇ ತಿಂಗಳ ಪತ್ತನಾಜೆಯವರೆಗೆ ದಿನಕ್ಕೊಂದು ಊರು. ಯಕ್ಷಗಾನ ಪ್ರದರ್ಶನಕ್ಕೆ ನಾವು ಆಟ ಅನ್ನುತ್ತೇವೆ. ಸಂಜೆಯಾದರೆ ಆಟದ ಹುಚ್ಚಿರುವವರ ಪ್ರಶ್ನೆ ಒಂದೇ. ಇವತ್ತು ಆಟ ಎಲ್ಲಿ?

ನಾನು ವೆಬ್ ಡಿಸೈನ್ ಕಲಿಯಲು ಶುರು ಮಾಡಿದಾಗ ಮೊದಲು ಮಾಡಿದ ಪುಟ ಇದೇ. ದಿನಾಂಕ, ಮೇಳ, ಪ್ರಸಂಗ, ಸ್ಥಳ, ಸೇವಾಕರ್ತರು ಅಂತ ಐದು ಕಾಲಂ ಇರುವ ಒಂದು ಟೇಬಲ್. ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಕಾಣುತ್ತಿತ್ತು. ಮನೆಯವರ ವಾಟ್ಸಾಪ್ ಗ್ರೂಪ್‌ಗೆ ಲಿಂಕ್ ಹಾಕಿದೆ. ಹತ್ತು ನಿಮಿಷದಲ್ಲಿ ಹೆಬ್ರಿಯಿಂದ ಮಾವನ ಫೋನ್ ಬಂತು.

"ಅಕ್ಷರ ಸಾಸಿವೆಯಷ್ಟು ಉಂಟು ಮಾರಾಯ. ದೊಡ್ಡದು ಮಾಡಿದ್ರೆ ಊರಿನ ಹೆಸರು ಆಚೆ ಹೋಗ್ತದೆ. ಓದ್ಲಿಕ್ಕೆ ಆಗುದಿಲ್ಲ. ನೀನೇ ಹೇಳು, ಇವತ್ತು ಆಟ ಎಲ್ಲಿ ಉಂಟು?"

ಆ ಪುಟ ಮಾಡಿದ್ದೇ ಮಾವನಂಥವರಿಗಾಗಿ. ಅವರ ಕೈಯಲ್ಲಿರುವುದು ಮೊಬೈಲ್. ಇವತ್ತು ಆ ಪುಟವನ್ನೇ ತೆರೆದು ಒಂದೊಂದಾಗಿ ಸರಿ ಮಾಡೋಣ. ಎಚ್‌ಟಿಎಂಎಲ್ ಮತ್ತು ಸಿಎಸ್‌ಎಸ್ ಸ್ವಲ್ಪ ನೋಡಿದ್ದರೆ ಸಾಕು.

[ಪರದೆಯಲ್ಲಿ: ಹಳೆಯ ಪುಟ, ಮೊದಲು ಲ್ಯಾಪ್‌ಟಾಪ್‌ನಲ್ಲಿ, ಆಮೇಲೆ ಮೊಬೈಲ್‌ನಲ್ಲಿ]

ಹೀಗೆ ಪುಟವನ್ನು ಪರದೆಗೆ ಒಗ್ಗಿಸುವುದಕ್ಕೆ ರೆಸ್ಪಾನ್ಸಿವ್ ವೆಬ್ ಡಿಸೈನ್ ಎಂದು ಹೆಸರಿಟ್ಟವರು ಈಥನ್ ಮಾರ್ಕಾಟ್. 2010ರ ಮೇ ತಿಂಗಳಲ್ಲಿ ಎ ಲಿಸ್ಟ್ ಅಪಾರ್ಟ್ ಎಂಬ ಆನ್‌ಲೈನ್ ಪತ್ರಿಕೆಯಲ್ಲಿ ಬರೆದರು. ಮೊಬೈಲ್‌ಗೆ ಒಂದು ಸೈಟ್, ಕಂಪ್ಯೂಟರ್‌ಗೆ ಇನ್ನೊಂದು ಸೈಟ್ ಅಂತ ಎರಡೆರಡು ಮಾಡುವುದು ಆಗ ಸಾಮಾನ್ಯವಾಗಿತ್ತು. ಒಂದೇ ಪುಟ ಎಲ್ಲ ಪರದೆಗೂ ಹೊಂದಿಕೊಳ್ಳಲಿ ಅನ್ನುವುದು ಅವರ ಮಾತು.

ಈಗ ಒಂದು ಪ್ರಯೋಗ. ನನ್ನ ಪುಟದ ಸಿಎಸ್‌ಎಸ್ ಪೂರ್ತಿ ತೆಗೆದುಹಾಕುತ್ತೇನೆ. ಬ್ರೌಸರ್ ಕಿಟಕಿಯನ್ನು ಎಳೆದು ಚಿಕ್ಕದು ಮಾಡುತ್ತೇನೆ. ಮೇಲಿನ ಪ್ಯಾರಾಗಳನ್ನು ನೋಡಿ. ಸಾಲುಗಳು ತಾವಾಗಿಯೇ ಮಡಚಿಕೊಂಡು ಕೆಳಗೆ ಇಳಿಯುತ್ತಿವೆ, ಅಲ್ವಾ? ಬರೀ ಎಚ್‌ಟಿಎಂಎಲ್ ಹುಟ್ಟಿನಿಂದಲೇ ಹೊಂದಿಕೊಳ್ಳುವ ಗುಣದ್ದು. ಅದನ್ನು ಕಟ್ಟಿಹಾಕಿದ್ದು ನಾನು ಬರೆದ ಒಂದು ಸಾಲು. ವಿಡ್ತ್ 1200 ಪಿಕ್ಸೆಲ್.

ಯಾಕೆ ಹಾಗೆ ಬರೆದೆ? ಪುಟ ಎಂದರೆ ಅದಕ್ಕೊಂದು ಅಳತೆ ಇರಬೇಕು ಅನ್ನುವುದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಅದು ಕಾಗದದಿಂದ ಬಂದ ಅಭ್ಯಾಸ. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಇಲ್ಲೇ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು ಕಲ್ಲಚ್ಚಿನಲ್ಲಿ ತಂದರು. ಅಚ್ಚು ಹಾಕುವವರಿಗೆ ಕಾಗದ ಎಷ್ಟು ಅಗಲ ಅನ್ನುವುದು ಮೊದಲೇ ಗೊತ್ತಿರುತ್ತದೆ. ನಮಗೆ ಗೊತ್ತಿರುವುದಿಲ್ಲ. ನಮ್ಮ ಪುಟವನ್ನು ಯಾರು, ಯಾವ ಪರದೆಯಲ್ಲಿ ತೆರೆಯುತ್ತಾರೋ ಹೇಳಲಿಕ್ಕೆ ಬರುವುದಿಲ್ಲ. ಈ ಒಂದು ವಿಷಯ ಮನಸ್ಸಿಗೆ ಇಳಿದರೆ ಮುಂದಿನದು ಸುಲಭ.

ಹಾಗಾಗಿ ಆ ಸಾಲಿನಲ್ಲಿ ವಿಡ್ತ್ ಇರುವಲ್ಲಿ ಮ್ಯಾಕ್ಸ್-ವಿಡ್ತ್ ಎಂದು ಬದಲಿಸಿ. 1200 ಪಿಕ್ಸೆಲ್‌ಗಿಂತ ಜಾಸ್ತಿ ಹಿಗ್ಗಬೇಡ, ಜಾಗ ಕಡಿಮೆ ಇದ್ದರೆ ಕುಗ್ಗು ಎಂದು ಹೇಳಿದ ಹಾಗೆ. ಎರಡೂ ಬದಿಗೆ 1 ರೆಮ್ ಪ್ಯಾಡಿಂಗ್ ಕೊಡಿ. ರೆಮ್ ಎಂದರೆ ಪುಟದ ಮೂಲ ಅಕ್ಷರದ ಅಳತೆ, ಸಾಮಾನ್ಯವಾಗಿ 16 ಪಿಕ್ಸೆಲ್. ಅಕ್ಷರಗಳು ಅಂಚಿಗೆ ತಾಗಿಕೊಂಡು ನಿಲ್ಲುವುದಿಲ್ಲ.

[ಪರದೆಯಲ್ಲಿ: ಎಚ್‌ಟಿಎಂಎಲ್ ಫೈಲ್, ಹೆಡ್ ಭಾಗ ದೊಡ್ಡದಾಗಿ]

ಆದರೂ ಮೊಬೈಲ್‌ನಲ್ಲಿ ಅಕ್ಷರ ಸಾಸಿವೆಯಷ್ಟೇ ಇದೆ! ಇದಕ್ಕೆ ಕಾರಣ ಬೇರೆ. 2007ರಲ್ಲಿ ಮೊದಲ ಐಫೋನ್ ಬಂದಾಗ ಹೆಚ್ಚಿನ ವೆಬ್‌ಸೈಟ್‌ಗಳು ದೊಡ್ಡ ಪರದೆಗೆಂದೇ ಮಾಡಿದವಾಗಿದ್ದವು. ಐಫೋನ್‌ನ ಅಗಲ 320 ಪಿಕ್ಸೆಲ್. ಆದ್ದರಿಂದ ಅದರ ಸಫಾರಿ ಬ್ರೌಸರ್ ಪರದೆ 980 ಪಿಕ್ಸೆಲ್ ಅಗಲ ಇದೆ ಎಂದು ಊಹಿಸಿಕೊಂಡು ಪುಟ ಬಿಡಿಸುತ್ತಿತ್ತು. ಆಮೇಲೆ ಎಲ್ಲವನ್ನೂ ಕುಗ್ಗಿಸಿ ತೋರಿಸುತ್ತಿತ್ತು. ಬೇರೆ ಮೊಬೈಲ್ ಬ್ರೌಸರ್‌ಗಳೂ ಅದೇ ದಾರಿ ಹಿಡಿದವು. ಇವತ್ತಿಗೂ, ನಾವು ಬೇಡ ಅನ್ನದಿದ್ದರೆ, ಹಾಗೆಯೇ ಮಾಡುತ್ತವೆ.

ಬೇಡ ಅನ್ನುವುದಕ್ಕೆ ಹೆಡ್ ಒಳಗೆ ಒಂದು ಮೆಟಾ ಟ್ಯಾಗ್ ಸಾಕು. ನೇಮ್ ಜಾಗದಲ್ಲಿ ವ್ಯೂಪೋರ್ಟ್. ಕಂಟೆಂಟ್ ಜಾಗದಲ್ಲಿ ವಿಡ್ತ್ ಈಕ್ವಲ್ಸ್ ಡಿವೈಸ್-ವಿಡ್ತ್, ಕಾಮಾ, ಇನಿಷಿಯಲ್-ಸ್ಕೇಲ್ ಈಕ್ವಲ್ಸ್ 1. ಇದಿಲ್ಲದಿದ್ದರೆ ಮುಂದೆ ಮಾಡುವ ಯಾವ ಕೆಲಸವೂ ಮೊಬೈಲ್‌ನಲ್ಲಿ ಸರಿಯಾಗಿ ಕಾಣುವುದಿಲ್ಲ. ಇದೇ ಸಾಲಿನಲ್ಲಿ ಝೂಮ್ ಮಾಡಲು ಆಗದ ಹಾಗೆ ಬೀಗ ಹಾಕುವವರೂ ಇದ್ದಾರೆ. ದಯವಿಟ್ಟು ಹಾಕಬೇಡಿ. ಕಣ್ಣು ಮಂಜಾದವರಿಗೆ ಆ ಎರಡು ಬೆರಳೇ ಆಸರೆ.

ಇಲ್ಲೊಂದು ಗೊಂದಲ ಎಲ್ಲರಿಗೂ ಬರುತ್ತದೆ. ಅಂಗಡಿಯವರು ಈ ಮೊಬೈಲ್ 1080 ಪಿಕ್ಸೆಲ್ ಅಗಲ ಅನ್ನುತ್ತಾರೆ. ಆದರೆ ಅದರಲ್ಲಿ ಸಿಎಸ್‌ಎಸ್‌ನ 1 ಪಿಕ್ಸೆಲ್ ಬರೆಯಲು ಗಾಜಿನ ಮೇಲಿನ 3 ಚುಕ್ಕೆಗಳ ಅಗಲ ಬಳಕೆಯಾಗುತ್ತದೆ. ಹಾಗಾಗಿ ನಮ್ಮ ಲೆಕ್ಕಕ್ಕೆ ಸಿಗುವುದು 360 ಪಿಕ್ಸೆಲ್.

[ಪರದೆಯಲ್ಲಿ: ಟೇಬಲ್, ಮೊಬೈಲ್ ಅಗಲದಲ್ಲಿ]

ಆ 360ರಲ್ಲಿ ಐದು ಕಾಲಂ ಕೂರಿಸುವುದು ಹೇಗೆ? ನಾನು ಜಾಸ್ತಿ ತಲೆಕೆಡಿಸಿಕೊಂಡದ್ದು ಇದಕ್ಕೇ. ಸುಲಭದ ದಾರಿ ಒಂದಿದೆ. ಟೇಬಲ್‌ನ ಸುತ್ತ ಒಂದು ಡಿವ್ ಹಾಕಿ, ಅದಕ್ಕೆ ಓವರ್‌ಫ್ಲೋ-ಎಕ್ಸ್ ಆಟೋ ಕೊಟ್ಟರೆ ಟೇಬಲ್ ಮಾತ್ರ ಅಡ್ಡಕ್ಕೆ ಸರಿಯುತ್ತದೆ. ಅಂಕಪಟ್ಟಿಯ ಹಾಗೆ ಹೋಲಿಸಿ ನೋಡುವ ಅಂಕಿಗಳಿದ್ದರೆ ಅದೇ ಸರಿ.

ಆದರೆ ಮಾವ ಕಾಲಂಗಳನ್ನು ಹೋಲಿಸುವುದಿಲ್ಲ. ಅವರಿಗೆ ಮೊದಲು ಬೇಕಾದದ್ದು ಊರು. ನಾನು ಅದನ್ನು ನಾಲ್ಕನೇ ಕಾಲಂನಲ್ಲಿ ಇಟ್ಟಿದ್ದೆ. ಚಿಕ್ಕ ಪರದೆ ನನ್ನಿಂದ ಈ ಪ್ರಶ್ನೆ ಕೇಳಿಸಿತು, ಓದುವವರಿಗೆ ಮೊದಲು ಏನು ಬೇಕು? ಟೇಬಲ್ ಬಿಟ್ಟು ಒಂದೊಂದು ಆಟಕ್ಕೆ ಒಂದೊಂದು ಕಾರ್ಡ್ ಮಾಡಿದೆ. ಮೇಲೆ ದೊಡ್ಡದಾಗಿ ಊರಿನ ಹೆಸರು. ಅದರ ಕೆಳಗೆ ಮೇಳ, ಆಮೇಲೆ ಪ್ರಸಂಗ. ಸೇವಾಕರ್ತರ ಹೆಸರು ಕೊನೆಗೆ.

ಕಾರ್ಡ್‌ಗಳನ್ನು ಜೋಡಿಸಲು ಸಿಎಸ್‌ಎಸ್ ಗ್ರಿಡ್ ಇದೆ. 2017ರಿಂದ ಮುಖ್ಯ ಬ್ರೌಸರ್‌ಗಳಲ್ಲೆಲ್ಲ ಸಿಗುತ್ತದೆ. ಡಿಸ್‌ಪ್ಲೇ ಗ್ರಿಡ್ ಅನ್ನಿ, 1 ರೆಮ್ ಗ್ಯಾಪ್ ಕೊಡಿ. ಗ್ರಿಡ್-ಟೆಂಪ್ಲೇಟ್-ಕಾಲಮ್ಸ್‌ಗೆ ರಿಪೀಟ್, ಅದರ ಒಳಗೆ ಆಟೋ-ಫಿಲ್, ಮಿನ್‌ಮ್ಯಾಕ್ಸ್ 16 ರೆಮ್, 1 ಎಫ್‌ಆರ್. ಪೂರ್ತಿ ಸಾಲು ಪರದೆಯಲ್ಲಿದೆ. ವಿಡಿಯೋ ನಿಲ್ಲಿಸಿ ಬರೆದುಕೊಳ್ಳಿ.

[ದೃಶ್ಯ: ಹಳೆಯ ಮನೆಯ ಹೆಂಚಿನ ಮಾಡು]

ಇದು ನಮ್ಮ ಮಂಗಳೂರು ಹೆಂಚಿನ ಲೆಕ್ಕ. ಹೆಂಚಿನ ಅಳತೆ ಒಂದೇ. ಮನೆಯ ಮಾಡು ಅಗಲ ಇದ್ದರೆ ಸಾಲಿಗೆ ಜಾಸ್ತಿ ಹೆಂಚು, ಕಿರಿದಾದರೆ ಕಡಿಮೆ. 16 ರೆಮ್ ಎಂದರೆ ಸಾಮಾನ್ಯವಾಗಿ 256 ಪಿಕ್ಸೆಲ್. 360ರ ಮೊಬೈಲ್‌ನಲ್ಲಿ ಸಾಲಿಗೆ ಒಂದು ಕಾರ್ಡ್ ಕೂರುತ್ತದೆ. 768ರ ಟ್ಯಾಬ್ಲೆಟ್‌ನಲ್ಲಿ ಎರಡು. ಲ್ಯಾಪ್‌ಟಾಪ್‌ನ 1200ರಲ್ಲಿ ನಾಲ್ಕು. ಉಳಿದ ಜಾಗವನ್ನು 1 ಎಫ್‌ಆರ್ ಸಮನಾಗಿ ಹಂಚುತ್ತದೆ. ಹೆಂಚು ಹಿಗ್ಗುವುದಿಲ್ಲ, ಕಾರ್ಡ್ ಸ್ವಲ್ಪ ಹಿಗ್ಗುತ್ತದೆ. ವ್ಯತ್ಯಾಸ ಅಷ್ಟೇ.

ಪರದೆ ಇಷ್ಟು ಅಗಲ ಇದ್ದರೆ ಮಾತ್ರ ಈ ಸಿಎಸ್‌ಎಸ್ ಬಳಸು ಎಂದು ಹೇಳುವ ಮೀಡಿಯಾ ಕ್ವೆರಿ ಇನ್ನೂ ಬರಲೇ ಇಲ್ಲ, ಗಮನಿಸಿದಿರಾ? ಎಷ್ಟೋ ಪಾಠಗಳು ಅದರಿಂದಲೇ ಶುರುವಾಗುತ್ತವೆ. ನನಗೆ ಅದು ಕೊನೆಗೆ ಬರಬೇಕು ಅನಿಸುತ್ತದೆ. ಮೊದಲು ಮೊಬೈಲ್‌ಗೆ ಬೇಕಾದಷ್ಟೇ ಸಿಎಸ್‌ಎಸ್ ಬರೆಯಿರಿ. ಆಮೇಲೆ ಕಿಟಕಿಯನ್ನು ನಿಧಾನ ಅಗಲ ಮಾಡುತ್ತಾ ಹೋಗಿ. ಎಲ್ಲಿ ಪುಟ ಖಾಲಿ ಖಾಲಿ ಕಾಣುತ್ತದೋ ಅಲ್ಲಿ ಒಂದು ಮಿನ್-ವಿಡ್ತ್ ಮೀಡಿಯಾ ಕ್ವೆರಿ ಹಾಕಿ. ನನ್ನ ಪುಟಕ್ಕೆ 45 ರೆಮ್‌ನಲ್ಲಿ ಒಂದೇ ಒಂದು ಸಾಕಾಯಿತು. ಅಲ್ಲಿಂದ ಮೇಲಕ್ಕೆ ಹೋದರೆ ಮೆನು ಅಡ್ಡಸಾಲಿಗೆ ಬರುತ್ತದೆ. ಮೊಬೈಲ್ ಮಾಡೆಲ್‌ಗಳ ಅಳತೆ ಹುಡುಕಿಕೊಂಡು ಹೋಗಬೇಡಿ. ಪ್ರತಿ ವರ್ಷ ಹೊಸದು ಬರುತ್ತದೆ.

ಚಿತ್ರಗಳಿಗೆ ಎರಡೇ ಸಾಲು. ಮ್ಯಾಕ್ಸ್-ವಿಡ್ತ್ 100 ಪರ್ಸೆಂಟ್, ಹೈಟ್ ಆಟೋ. ಕಿರೀಟ ವೇಷದ ಫೋಟೋ ಆಚೆ ಚಾಚುವುದೂ ಇಲ್ಲ, ಜಜ್ಜಿದ ಹಾಗೆ ಕಾಣುವುದೂ ಇಲ್ಲ. ಕ್ಯಾಮೆರಾದಿಂದ ಬಂದ ದೊಡ್ಡ ಫೈಲನ್ನು ಹಾಗೆಯೇ ಏರಿಸಬೇಡಿ. ಘಟ್ಟದ ಬುಡದ ಊರುಗಳಲ್ಲಿ ನೆಟ್‌ವರ್ಕ್ ಹೇಗಿರುತ್ತದೆ ಎಂದು ನಿಮಗೆ ಗೊತ್ತು.

[ಪರದೆಯಲ್ಲಿ: ಕನ್ನಡ ಪಠ್ಯದ ಎರಡು ಸಾಲು, ಒತ್ತಕ್ಷರಗಳು ಒಂದಕ್ಕೊಂದು ತಾಗಿದಂತೆ]

ಇಂಗ್ಲಿಷ್ ಪಾಠಗಳಲ್ಲಿ ಸಿಗದ ವಿಷಯ ಒಂದು ಹೇಳಲೇಬೇಕು. ಕನ್ನಡ ಅಕ್ಷರದ ಜಾಗ. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಲೈನ್-ಹೈಟ್ 1.2 ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ನಾನು 1.7 ಇಡುತ್ತೇನೆ. ನಮ್ಮ ಪದಗಳೂ ಉದ್ದ. ಬ್ರಹ್ಮಕಲಶೋತ್ಸವದಲ್ಲಿ ಅನ್ನುವುದನ್ನು ದೊಡ್ಡ ಅಕ್ಷರದಲ್ಲಿ ಬರೆದರೆ ಕಾರ್ಡ್‌ನ ಗಡಿ ದಾಟಿ ಹೋಗಬಹುದು. ಓವರ್‌ಫ್ಲೋ-ವ್ರ್ಯಾಪ್‌ಗೆ ಬ್ರೇಕ್-ವರ್ಡ್ ಕೊಟ್ಟರೆ ಪದ ಮುರಿದು ಕೆಳಗೆ ಬರುತ್ತದೆ. ಜಸ್ಟಿಫೈ ಮಾತ್ರ ಬೇಡ. ಕಿರಿದಾದ ಸಾಲಿನಲ್ಲಿ ಉದ್ದ ಪದಗಳ ನಡುವೆ ದೊಡ್ಡ ದೊಡ್ಡ ತೂತು ಬೀಳುತ್ತದೆ.

ಇನ್ನು ಆಮಂತ್ರಣ ಪತ್ರಿಕೆಯ ಫೋಟೋ ತೆಗೆದು ಅದನ್ನೇ ಪುಟಕ್ಕೆ ಹಾಕುವ ರೂಢಿ. ಚಿತ್ರದೊಳಗಿನ ಅಕ್ಷರ ಮಡಚಿಕೊಳ್ಳುವುದಿಲ್ಲ, ಸುಮ್ನೆ ಕುಗ್ಗುತ್ತದೆ. ಮಾವ ಮತ್ತೆ ಸಾಸಿವೆ ಹುಡುಕಬೇಕು. ಕಣ್ಣು ಕಾಣದವರಿಗೆ ಸ್ಕ್ರೀನ್ ರೀಡರ್ ಅದನ್ನು ಸರಿಯಾಗಿ ಓದಿ ಹೇಳುವುದೂ ಕಷ್ಟ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಪ್ರಿಂಟಿಂಗ್ ಪ್ರೆಸ್‌ನವರು ಹಳೆಯ ನುಡಿ ಫಾಂಟ್‌ನ ಫೈಲ್ ಕೊಟ್ಟರೆ ಮೊದಲು ಅದನ್ನು ಯೂನಿಕೋಡ್‌ಗೆ ಬದಲಿಸಿಕೊಳ್ಳಿ.

ಪರೀಕ್ಷೆ ಮಾಡಲು ಕ್ರೋಮ್‌ನಲ್ಲಿ ಎಫ್12 ಒತ್ತಿ, ಆಮೇಲೆ ಕಂಟ್ರೋಲ್, ಶಿಫ್ಟ್, ಎಂ. ಬೇರೆ ಬೇರೆ ಅಗಲದಲ್ಲಿ ಪುಟ ನೋಡಬಹುದು. ಅದಾದ ಮೇಲೆ ನಿಜವಾದ ಮೊಬೈಲ್‌ನಲ್ಲಿ, ಅಂಗಳದ ಬಿಸಿಲಲ್ಲಿ ನಿಂತು ಒಂದು ಸಲ ತೆರೆಯಿರಿ. ಹೆಬ್ಬೆರಳಿನಿಂದ ಬಟನ್ ಒತ್ತಿ. ಪಕ್ಕದ್ದು ಒತ್ತಿಹೋದರೆ ಬಟನ್ ಚಿಕ್ಕದಾಯಿತು ಎಂದೇ ಅರ್ಥ. 48 ಪಿಕ್ಸೆಲ್ ಎತ್ತರ ಇದ್ದರೆ ಒಳ್ಳೆಯದು.

[ಪರದೆಯಲ್ಲಿ: ಹೊಸ ಪುಟ ಮೊಬೈಲ್‌ನಲ್ಲಿ, ಕಾರ್ಡ್‌ಗಳು ಮೇಲಕ್ಕೆ ಸರಿಯುತ್ತಿವೆ]

ಸರಿ ಮಾಡಿದ ಪುಟವನ್ನು ಮತ್ತೆ ಗ್ರೂಪ್‌ಗೆ ಹಾಕಿದೆ. ಮಾವನ ಫೋನ್ ಈ ಸಲವೂ ಬಂತು.

"ಊರು ಸಿಕ್ಕಿತು, ಕನ್ನಡಕ ಬೇಕಾಗ್ಲಿಲ್ಲ. ಚೌಕಿ ಪೂಜೆ ಎಷ್ಟು ಗಂಟೆಗೆ ಅಂತ ನೀನು ಹಾಕ್ಲೇ ಇಲ್ಲ ಅಲ್ವಾ?"

ಈಗ ಪ್ರತಿ ಕಾರ್ಡ್‌ನಲ್ಲೂ ಊರಿನ ಹೆಸರಿನ ಕೆಳಗೆ, ಆಟಕ್ಕೆ ಮೊದಲು ವೇಷಧಾರಿಗಳ ಚೌಕಿಯಲ್ಲಿ ನಡೆಯುವ ಆ ಪೂಜೆಯ ಸಮಯ ಇದೆ.